ಎರಡು ಕೆಂಪು

ಸ್ಕೇಲ್ ಮಾಡೆಲ್ ಕಾರು ಕಟ್ಟುವವರ ಟೇಬಲ್ಲಿನ ಮೇಲೆ ಅಂಟು, ಬ್ಲೇಡು, ಬ್ರಷ್ಷುಗಳ ನಡುವೆ ಒಂದು ಪುಟ್ಟ ಬಾಟಲಿ ಇರುತ್ತದೆ. ಒಳಗೆ ಮೂವತ್ತು ಎಂ.ಎಲ್.ನಷ್ಟು ನುಣ್ಣಗಿನ ಕೆಂಪು-ಕಂದು ಪುಡಿ. ಲೇಬಲ್ಲಿನ ಮೇಲೆ ಒಂದರಲ್ಲಿ ‘ರಸ್ಟ್’ ಅಂತ ಇರುತ್ತೆ, ಇನ್ನೊಂದರಲ್ಲಿ ‘ಡಸ್ಟ್’ ಅಂತ. ಕಾರಿಗೆ ಬಣ್ಣ ಹೊಡೆದು ಮುಗಿದ ಮೇಲೆ ಈ ಪುಡಿಯನ್ನು ಮೆತ್ತನೆಯ ಬ್ರಷ್ಷಿನಲ್ಲಿ ಸವರಿದರೆ ಸಾಕು, ಷೋರೂಮಿನಿಂದ ಈಗಷ್ಟೇ ಇಳಿದಂತಿದ್ದ ಗಾಡಿ ಹತ್ತು ವರ್ಷ ಓಡಿದ ಹಾಗೆ ಕಾಣುತ್ತದೆ. ಈ ಹವ್ಯಾಸದವರ ಭಾಷೆಯಲ್ಲಿ ಇದಕ್ಕೆ ‘ವೆದರಿಂಗ್’ ಅಂತಾರೆ. ಮಳೆ, ಬಿಸಿಲು, ಧೂಳು, ತುಕ್ಕು, ಎಣ್ಣೆ ಕಲೆ, ಇವೆಲ್ಲವನ್ನೂ ಬೇಕಂತಲೇ ಗಾಡಿಯ ಮೈಮೇಲೆ ತರುವ ಕೆಲಸ.

ಆ ಬಾಟಲಿಯೊಳಗಿನ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲಿ ಇರುವುದೂ ಅದೇ. ಸಂಡೂರಿನ ಗುಡ್ಡಗಳಿಂದ ಅಗೆದು, ನಾನು ಬೆಳೆದ ಪಾಪಿನಾಯಕನಹಳ್ಳಿಯ ಕಡೆಯಿಂದ ಲಾರಿಗಟ್ಟಲೆ ಸಾಗಿಸಿದ ಅದಿರಿನಲ್ಲಿ ಇದ್ದದ್ದೂ ಅದೇ. ಹೀಗಾಗಿ ಆ ಬಾಟಲಿಯ ಜೊತೆ ನನಗೊಂದು ತಕರಾರು ಇದೆ. ಹವ್ಯಾಸದ ಮೇಲೆ ಸಿಟ್ಟಿಲ್ಲ, ನಾನೂ ವೀಕೆಂಡಿನಲ್ಲಿ ಅದೇ ಟೇಬಲ್ಲಿಗೆ ಕೂರುವವನು. ತಕರಾರು ಇಷ್ಟೇ: ತುಕ್ಕು ಮತ್ತು ಧೂಳನ್ನು ನಾವು ಒಂದೇ ಬಣ್ಣದ ಎರಡು ಶೇಡ್ ಅಂತ ತಿಳಿದು ಕೈಗೆ ಸಿಕ್ಕಿದ್ದನ್ನು ಸವರುತ್ತಿದ್ದೇವೆ. ಎರಡರ ಅರ್ಥ ಬೇರೆ ಬೇರೆ. ಹೆಚ್ಚುಕಮ್ಮಿ ತದ್ವಿರುದ್ಧ.

ಗೊತ್ತಿಲ್ಲದವರಿಗೆ ಎರಡು ಮಾತು. ಕಿಟ್ ಅಂದರೆ ಒಂದು ಡಬ್ಬಿ. ಒಳಗೆ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ಬಿಡಿಭಾಗಗಳು, ರಬ್ಬರ್ ಟೈರು, ನಂಬರು-ಲೋಗೋಗಳಿಗೆ ನೀರಲ್ಲಿ ನೆನೆಸಿ ಅಂಟಿಸುವ ಸ್ಟಿಕರು, ಒಂದು ಸೂಚನಾ ಹಾಳೆ. ಕತ್ತರಿಸಬೇಕು, ಉಜ್ಜಬೇಕು, ಪ್ರೈಮರ್ ಹೊಡೆಯಬೇಕು, ಏರ್‌ಬ್ರಷ್‌ನಲ್ಲಿ ತೆಳುವಾಗಿ ಮೂರ್ನಾಲ್ಕು ಕೋಟು ಬಣ್ಣ, ಒಣಗಿದ ಮೇಲೆ ಕ್ಲಿಯರ್ ಕೋಟು, ಆಮೇಲೆ ಪಾಲಿಶ್. ಕಾರುಗಳಲ್ಲಿ ತುಂಬಾ ಬಳಕೆಯ ಅಳತೆ 1/24. ಅಂದರೆ ನಿಜವಾದ ಕಾರಿನ ಒಂದು ಅಡಿ ಇಲ್ಲಿ ಅರ್ಧ ಇಂಚು. ಒಂದು ಕಾರು ಮುಗಿಯಲು ತಿಂಗಳು ಹಿಡಿಯಬಹುದು. ಎಂಜಿನಿಯರುಗಳಿಗೆ ಇದು ಯಾಕೆ ಇಷ್ಟ ಆಗುತ್ತೆ ಅಂತ ಯಾರಾದರೂ ಕೇಳಿದರೆ ನಾನು ಸೂಚನಾ ಹಾಳೆ ತೋರಿಸುತ್ತೇನೆ. ಬರೆದಂತೆ ಮಾಡಿದರೆ ಬರೆದದ್ದೇ ಆಗುತ್ತದೆ. ಅಂಥ ಡಾಕ್ಯುಮೆಂಟೇಶನ್ ನೋಡಿ ನಮ್ಮಂಥವರ ಕಣ್ಣು ತಂಪಾಗುತ್ತದೆ.

ಈ ಕಲೆಯಲ್ಲಿ ನಿಖರತೆಗೆ ಇರುವ ಮರ್ಯಾದೆ ದೊಡ್ಡದು. ಜಪಾನಿನ ಶಿಜುವೊಕಾದ ಟಾಮಿಯಾ ಕಂಪನಿ 1946ರಲ್ಲಿ ಮರ ಕೊಯ್ಯುವ ಮಿಲ್ಲಾಗಿ ಶುರುವಾದದ್ದು. 1967ರಲ್ಲಿ ಹೋಂಡಾದ ಆರ್‌ಎ273 ಫಾರ್ಮುಲಾ ಒನ್ ಕಾರನ್ನು 1/12 ಅಳತೆಯಲ್ಲಿ ತಂದರು. 1976ರಲ್ಲಿ ಪೋರ್ಷೆ 934 ಬಂತು. ಆ ಕಿಟ್‌ಗೋಸ್ಕರ ಕಂಪನಿಯ ಶುನ್ಸಾಕು ಟಾಮಿಯಾ ಒಂದು ನಿಜವಾದ ಪೋರ್ಷೆ 911 ಕೊಂಡು, ಬಿಚ್ಚಿಸಿ, ಒಳಗೆ ಏನೇನು ಹೇಗಿದೆ ಅಂತ ನೋಡಿಸಿದರು. ಆಟಿಕೆಗಾಗಿ ಕಾರು ಬಿಚ್ಚುವ ಹುಚ್ಚು! ಇಂಥ ಹುಚ್ಚಿನಿಂದಲೇ ಹವ್ಯಾಸಕ್ಕೆ ಒಂದು ಗತ್ತು ಬಂದಿದೆ.

ಆದರೆ ಅಳೆದು ಮಾಡಿದ ಮಾತ್ರಕ್ಕೆ ಎಲ್ಲವೂ ಚಿಕ್ಕದಾಗುವುದಿಲ್ಲ. ಉದ್ದ 24 ಪಾಲು ಕಮ್ಮಿಯಾದರೆ ತೂಕ 24ರ ಘನದಷ್ಟು, ಅಂದರೆ 13,824 ಪಾಲು ಕಮ್ಮಿಯಾಗಬೇಕು. 25 ಟನ್ ಲೋಡೆಡ್ ಲಾರಿಯ 1/24 ಮಾಡೆಲ್ ಲೆಕ್ಕದ ಪ್ರಕಾರ 1.8 ಕೆಜಿ ತೂಗಬೇಕು. ಪ್ಲಾಸ್ಟಿಕ್ ಲಾರಿ ಅರ್ಧ ಕೆಜಿಯೂ ತೂಗುವುದಿಲ್ಲ. ಹಾಗಾಗಿ ಅದರ ಟೈರು ನೆಲಕ್ಕೆ ಒತ್ತಿ ಉಬ್ಬುವುದಿಲ್ಲ, ಸ್ಪ್ರಿಂಗ್ ಪಟ್ಟಿ ಬಾಗುವುದಿಲ್ಲ. ನೋಡಿದ ಕೂಡಲೇ ಹಗುರ ಅಂತ ಗೊತ್ತಾಗುತ್ತದೆ. ಧೂಳೂ ಅಷ್ಟೇ. 50 ಮೈಕ್ರಾನ್‌ನ ಒಂದು ಧೂಳಿನ ಕಣವನ್ನು ರಸ್ತೆಯಿಂದ ಎತ್ತಿ 1/24 ಲಾರಿಯ ಮೇಲೆ ಇಟ್ಟರೆ, ಆ ಲಾರಿಯ ಲೆಕ್ಕದಲ್ಲಿ ಅದು 1.2 ಮಿಲಿಮೀಟರ್, ರಾಗಿ ಕಾಳಿನಷ್ಟು. ನಿಜವಾದ ಧೂಳನ್ನೇ ಹಾಕಿದರೆ ಮಾಡೆಲ್ ಮೇಲೆ ರಾಗಿ ಸುರಿದ ಹಾಗಾಗುತ್ತದೆ. ಮೆಟಾಲಿಕ್ ಬಣ್ಣದ ಕತೆಯೂ ಇದೇ. ನಿಜವಾದ ಕಾರಿನ ಬಣ್ಣವನ್ನೇ ತಂದು ಹೊಡೆದರೆ ಮಿನುಗುವ ಚೂರುಗಳು ದಪ್ಪ ಕಾಣುತ್ತವೆ. ಚಿಕ್ಕ ವಸ್ತುವನ್ನು ನಾವು ದೂರದಿಂದ ನೋಡಿದಂತೆ ನೋಡುತ್ತೇವೆ ಅಂತ ಕೆಲವರು ಬಣ್ಣವನ್ನು ಬೇಕಂತಲೇ ಸ್ವಲ್ಪ ತಿಳಿ ಮಾಡುತ್ತಾರೆ. ಟೈರಿನ ಅಡಿಯನ್ನು ಚೂರು ಉಜ್ಜಿ ಚಪ್ಪಟೆ ಮಾಡಿ ಭಾರದ ಭ್ರಮೆ ಹುಟ್ಟಿಸುತ್ತಾರೆ.

ಅಂದರೆ ಸ್ಕೇಲು, ಕಿಟ್ಟು, ವರ್ನಿಯರ್ ಕ್ಯಾಲಿಪರ್ ಎಲ್ಲ ಒಂದು ಹಂತದವರೆಗೆ ಮಾತ್ರ. ಅಲ್ಲಿಂದ ಮುಂದೆ ಕಟ್ಟುವವನು ತನ್ನ ತೀರ್ಮಾನದ ಮೇಲೆ ನಡೆಯಬೇಕು. ಗಣಿತ ಕೈಬಿಟ್ಟ ಜಾಗದಲ್ಲಿ ಬಣ್ಣ ಶುರುವಾಗುತ್ತದೆ. ವಿಮರ್ಶೆಯೂ ಅಲ್ಲಿಂದಲೇ ಶುರುವಾಗಬೇಕು.

ಈಗ ಮಾಡೆಲ್‌ಗಳನ್ನು ತೂಗುವ ರೀತಿ ನೋಡಿ. ಕಾರು ಹೊಸದಾಗಿದ್ದರೆ ಪ್ರಶ್ನೆಗಳು ಸ್ಪಷ್ಟ: ಜೋಡಣೆಯ ಗೆರೆ ಕಾಣುತ್ತಿದೆಯಾ? ಬಣ್ಣ ಕಿತ್ತಳೆ ಸಿಪ್ಪೆ ಥರ ಚುಕ್ಕೆಚುಕ್ಕೆ ಆಗಿದೆಯಾ? ನಾಲ್ಕೂ ಚಕ್ರ ನೆಲ ಮುಟ್ಟಿವೆಯಾ? ಕಾರು ಹಳೆಯದಾಗಿ ಕಾಣಬೇಕಾದರೆ ಮಾತ್ರ ಪ್ರಶ್ನೆಗಳು ಮಸುಕಾಗುತ್ತವೆ. ‘ತುಂಬಾ ರಿಯಲಿಸ್ಟಿಕ್’ ಅಂದುಬಿಡುತ್ತೇವೆ. ಬಣ್ಣ ಎದ್ದ ಚಕ್ಕೆ, ಸೋರಿದ ತುಕ್ಕಿನ ಗೆರೆ, ಮೂಲೆಯಲ್ಲಿ ಧೂಳು. ಎಷ್ಟು ಜಾಸ್ತಿ ಟೆಕ್ನಿಕ್ ಕಂಡರೆ ಅಷ್ಟು ಚಪ್ಪಾಳೆ. ಯಾವ ರಸ್ತೆಯ ಧೂಳು, ಎಷ್ಟು ದಿನದ ತುಕ್ಕು ಅಂತ ಯಾರೂ ಕೇಳುವುದಿಲ್ಲ. ನಮ್ಮ ಕೆಲಸದಲ್ಲಿ ಸ್ಕ್ರೀನ್ ತುಂಬಿ ಕಾಣಲಿ ಅಂತ ಡಮ್ಮಿ ಡೇಟಾ ಹಾಕುತ್ತೀವಲ್ಲ, ಹೆಸರು ಎಬಿಸಿ, ಊರು ಎಕ್ಸ್‌ವೈಝಡ್ ಅಂತ, ಈ ಧೂಳೂ ಹಾಗೇ. ಜಾಗ ತುಂಬುತ್ತದೆ, ಏನೂ ಹೇಳುವುದಿಲ್ಲ.

ಹವ್ಯಾಸದವರಿಗೆ ಇದು ಬರುವುದಿಲ್ಲ ಅಂತಲ್ಲ. 1991ರ ಲೆ ಮಾನ್ ರೇಸ್ ಗೆದ್ದ ಮಾಜ್ದಾ 787ಬಿ ಕಾರು ತಗೊಳ್ಳಿ. 55ನೇ ನಂಬರಿನ ಕಿತ್ತಳೆ-ಹಸಿರು ಕಾರು, ಆ ರೇಸ್ ಗೆದ್ದ ಮೊದಲ ಜಪಾನಿ ಕಾರು. ಟಾಮಿಯಾ ಅದರ 1/24 ಕಿಟ್ ಮಾಡಿದೆ. ಕೆಲವರು ಅದನ್ನು ರೇಸ್ ಮುಗಿದ ಸ್ಥಿತಿಯಲ್ಲಿ ಕಟ್ಟುತ್ತಾರೆ. ಅಲ್ಲಿ ಕೊಳೆ ಎಲ್ಲೆಂದರಲ್ಲಿ ಇರುವುದಿಲ್ಲ. ಗಾಳಿ ಹೋದ ದಿಕ್ಕಿಗೆ, ಮುಂದಿನಿಂದ ಹಿಂದಕ್ಕೆ ಎಳೆದ ಗೆರೆಗಳು. ಚಕ್ರದ ಹಿಂದೆ ರಬ್ಬರಿನ ಕಪ್ಪು. ನಿಂತಾಗ ಒರೆಸಿದ ಗಾಜು ಮಾತ್ರ ಚೊಕ್ಕ. ಆ ಕೊಳೆಗೆ ಒಂದು ಗಡಿಯಾರ ಇದೆ: ಇಪ್ಪತ್ತನಾಲ್ಕು ಗಂಟೆ. ಯಾಕೆ ಇಷ್ಟು ಚೆನ್ನಾಗಿ ಬರುತ್ತೆ? ಆ ಕಾರಿನ ಕೆಲಸ ಏನು ಅಂತ ಅವರಿಗೆ ಗೊತ್ತು, ಆ ಕೆಲಸದ ಮೇಲೆ ಗೌರವ ಇದೆ, ಕೂತು ಫೋಟೋ ನೋಡಿದ್ದಾರೆ. ಅದೇ ಜನ ಒಂದು ಲಾರಿಯನ್ನು ಕೈಗೆತ್ತಿಕೊಂಡಾಗ ಅದೇ ಶ್ರದ್ಧೆ ಯಾಕಿರುವುದಿಲ್ಲ ಅನ್ನುವುದೇ ನನ್ನ ಪ್ರಶ್ನೆ.

ನಮ್ಮ ಸೋದರಮಾವ ಇಪ್ಪತ್ತು ವರ್ಷ ಲಾರಿ ಓಡಿಸಿದವರು, ಅದರಲ್ಲಿ ಏಳೆಂಟು ವರ್ಷ ಬರೀ ಅದಿರು. ಒಮ್ಮೆ ಬೆಂಗಳೂರಿಗೆ ಬಂದಾಗ ಫೋನಿನಲ್ಲಿ ಒಂದು ಮಾಡೆಲ್‌ನ ಫೋಟೋ ತೋರಿಸಿದೆ. ಯುರೋಪಿನ ಯಾರೋ ಕಟ್ಟಿದ ಗಣಿ ಟಿಪ್ಪರ್, ಕೆಂಪು ಧೂಳು, ತುಕ್ಕು, ಎಲ್ಲ ಭರ್ಜರಿ. ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದರು.

“ಚಲೋ ಮಾಡ್ಯಾನ. ಆದ್ರ ಈ ಗಾಡಿ ಓಡ್ತೈತೋ, ನಿಂತೈತೋ?”

“ಮಾವ, ಅದು ಮಾಡೆಲ್. ಓಡಂಗಿಲ್ಲ.”

“ಅದು ನನಗೂ ಗೊತ್ತೈತಲೇ ಅಳಿಯಾ. ಮೈಮ್ಯಾಲ ಇವತ್ತಿನ ಧೂಳೈತಿ. ಬಾಡಿ ಒಳಗ ನೋಡು, ತುಕ್ಕು ಹಿಡದೈತಿ. ದಿನಾ ಅದಿರು ಹಾಕಿ ಸುರಿಯೋ ಬಾಡಿಗೆ ತುಕ್ಕು ಹೆಂಗ ಹಿಡೀತೈತಿ? ಉಳೋ ನೇಗಿಲದ ಗುಳ ನೋಡೀಯಿಲ್ಲ?”

ನೋಡಿದ್ದೇನೆ. ಹೊಲದಲ್ಲಿ ಓಡಾಡುವ ಗುಳ ಬೆಳ್ಳಿ ಥರ ಹೊಳೆಯುತ್ತದೆ, ಅಟ್ಟಕ್ಕೆ ಎಸೆದ ಗುಳ ಕೆಂಪಾಗುತ್ತದೆ. ಟಿಪ್ಪರ್ ಬಾಡಿಯ ಒಳಗೂ ಅದೇ ನಿಯಮ. ಅದಿರು ಜಾರಿ ಜಾರಿ ಒಳಗಿನ ತಗಡು ಪಾಲಿಶ್ ಆಗಿರುತ್ತದೆ. ಬಾಗಿಲಿನ ಕೊಂಡಿ, ಕ್ಲೀನರ್ ಕೈ ಹಿಡಿಯುವ ಕಂಬಿ, ಕ್ಲಚ್ ಪೆಡಲ್ಲು, ಮನುಷ್ಯ ಮುಟ್ಟುವ ಜಾಗವೆಲ್ಲ ಹೊಳೆಯುತ್ತಿರುತ್ತದೆ. ತುಕ್ಕು ಬರುವುದು ಕೈ ಬಿಟ್ಟ ಮೇಲೆ.

ಮಾವ ಕೇಳಿದ ಪ್ರಶ್ನೆ ನನಗೆ ಸಿಕ್ಕ ಒಳ್ಳೆಯ ವಿಮರ್ಶೆಯ ಸೂತ್ರ. ಧೂಳು ಹೊರಗಿನಿಂದ ಬಂದು ಕೂರುತ್ತದೆ. ಸಮತಟ್ಟಾದ ಜಾಗದಲ್ಲಿ, ಸಂದಿಯಲ್ಲಿ, ಗಾಳಿ ಸುಳಿಯುವ ಕಡೆ. ಬೆರಳಾಡಿಸಿದರೆ ಹೋಗುತ್ತದೆ. ತುಕ್ಕು ಗಾಡಿಯ ಒಳಗಿನಿಂದ ಹುಟ್ಟುತ್ತದೆ. ಬಣ್ಣ ಎದ್ದ ಅಂಚಿನಲ್ಲಿ, ನೀರು ನಿಲ್ಲುವ ತಳದಲ್ಲಿ, ಬೆಸುಗೆಯ ಸಾಲಿನಲ್ಲಿ. ಒರೆಸಿದರೆ ಹೋಗುವುದಿಲ್ಲ. ರಾಸಾಯನಿಕವಾಗಿ ಎರಡೂ ಕಬ್ಬಿಣ ಮತ್ತು ಆಮ್ಲಜನಕದ ಸಂಸಾರವೇ. ನಮ್ಮ ಕಡೆಯ ಅದಿರು ಹೆಮಟೈಟ್, ತುಕ್ಕು ಅಂದರೆ ನೀರು ಕೂಡಿಕೊಂಡ ಆಕ್ಸೈಡ್. ಆದರೆ ಲಾರಿಯ ಮೇಲೆ ಧೂಳು ಅಂದರೆ ಕೆಲಸ ನಡೆದಿದೆ ಅಂತ. ತುಕ್ಕು ಅಂದರೆ ಕೆಲಸ ನಿಂತಿದೆ ಅಂತ. ಎರಡನ್ನೂ ಒಂದೇ ಗಾಡಿಗೆ ಮನಸ್ಸಿಗೆ ಬಂದಂತೆ ಬಳಿಯುವುದು, ಒಬ್ಬನೇ ಮನುಷ್ಯನಿಗೆ ಏಕಕಾಲಕ್ಕೆ ಬೆವರನ್ನೂ ಚಳಿಯನ್ನೂ ಬರೆದ ಹಾಗೆ.

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ನಮ್ಮದು, ಜನರ ಬಾಯಲ್ಲಿ ಪಿ.ಕೆ.ಹಳ್ಳಿ. ಅಂಕೋಲಾದಿಂದ ಗುತ್ತಿಗೆ ಹೋಗುವ ರಸ್ತೆ ಅದು, ಆಗ ರಾಷ್ಟ್ರೀಯ ಹೆದ್ದಾರಿ 63, ಈಗ 67. ಒಂದು ಕಡೆ ಸಂಡೂರಿನ ಗುಡ್ಡ, ರಸ್ತೆಯ ಪಶ್ಚಿಮದ ತುದಿಯಲ್ಲಿ ಅಂಕೋಲಾ, ಅದರ ಪಕ್ಕದಲ್ಲೇ ಬೇಲೆಕೇರಿ ಬಂದರು. ಈ ಶತಮಾನದ ಮೊದಲ ದಶಕದಲ್ಲಿ ಚೀನಾಕ್ಕೆ ಅದಿರು ಬೇಕಾಯಿತು, ಬೆಲೆ ಏರಿತು, ಲಾರಿಗಳು ಸಾಲುಗಟ್ಟಿದವು. ನಾನು ಪಿಯುಸಿ, ಬಿಇ ಓದಿದ ವರ್ಷಗಳು ಅವೇ. ಆ ಸಾಲನ್ನು ಕಂಡವನಿಗೆ ಧೂಳು ಎಲ್ಲಿ ಕೂರುತ್ತೆ ಅಂತ ಫೋಟೋ ನೋಡಿ ತಿಳಿಯಬೇಕಿಲ್ಲ. ಲಾರಿಯ ಹಿಂದಿನ ಬಾಗಿಲಿನ ಸಂದಿಯಿಂದ ಪುಡಿ ಉದುರುತ್ತಿತ್ತು, ಆದ್ದರಿಂದ ಹಿಂದಿನ ಬಂಪರ್ ಮತ್ತು ನಂಬರ್ ಪ್ಲೇಟು ಎಲ್ಲಕ್ಕಿಂತ ಕೆಂಪು. ಮುಂದಿನ ಗಾಜಿನ ಮೇಲೆ ವೈಪರ್ ಆಡಿದಷ್ಟು ಬೀಸಣಿಗೆಯಾಕಾರದ ಜಾಗ ಮಾತ್ರ ಬಯಲು. ಡ್ರೈವರ್ ಬಾಗಿಲಿನ ಮೇಲೆ ಮೊಣಕೈ ಇಡುವ ಕಡೆ ಬಣ್ಣ ಕಾಣುತ್ತಿತ್ತು. ಬಂಪರಿಗೆ ಕಟ್ಟಿದ ಲಿಂಬೆಹಣ್ಣು-ಮೆಣಸಿನಕಾಯಿ ಎರಡೇ ದಿನಕ್ಕೆ ಒಂದೇ ಬಣ್ಣ. ಮಳೆ ಬಂದರೆ ಇದೆಲ್ಲ ರಾಡಿಯಾಗಿ ಮಡ್‌ಗಾರ್ಡಿನಿಂದ ಇಳಿಯುತ್ತಿತ್ತು.

ಮಾಡೆಲ್ ಕಟ್ಟುವವರು ಇನ್ನೊಂದು ವಿಷಯವನ್ನೂ ಅಲಂಕಾರ ಅಂತ ತಿಳಿಯುತ್ತಾರೆ: ಲೋಡು. ಬಾಡಿ ತುಂಬಿ ತುಳುಕುವಂತೆ ಕೆಂಪು ಪುಡಿ ಹಾಕಿದರೆ ಫೋಟೋ ಚೆನ್ನಾಗಿ ಬರುತ್ತೆ. ಆದರೆ ಅದಿರು ಮರಳಲ್ಲ, ಅದಕ್ಕಿಂತ ಭಾರ. ಘನ ಮೀಟರಿಗೆ ಎರಡೂವರೆ ಟನ್ ಅಂತ ಇಟ್ಟುಕೊಳ್ಳಿ. ಹತ್ತು ಚಕ್ರದ ಲಾರಿಗೆ ಆಗ ಇದ್ದ ಒಟ್ಟು ತೂಕದ ಮಿತಿ 25 ಟನ್ (2018ರಲ್ಲಿ ಅದನ್ನು 28.5 ಮಾಡಿದರು). ಖಾಲಿ ಗಾಡಿಯ ತೂಕ ಕಳೆದರೆ ಸರಕಿಗೆ ಉಳಿಯುವುದು ಸುಮಾರು 16 ಟನ್. ಹದಿನೆಂಟು ಅಡಿ ಉದ್ದ, ಏಳು ಅಡಿ ಅಗಲದ ಬಾಡಿಯಲ್ಲಿ ಅಷ್ಟು ಅದಿರನ್ನು ಸಮನಾಗಿ ಹರಡಿದರೆ ಅರ್ಧ ಮೀಟರಿನ ಆಸುಪಾಸು ಎತ್ತರ ಬರುತ್ತದೆ. ಮೊಣಕಾಲಿಗಿಂತ ತುಸು ಮೇಲೆ, ಅಷ್ಟೇ. ಕಾನೂನಿನ ಲೋಡು ನೋಡಲು ಅರ್ಧ ಖಾಲಿ ಲಾರಿಯಂತೆ ಕಾಣುತ್ತದೆ! ಗೋಪುರದಂತೆ ತುಂಬಿದ ಅದಿರಿನ ಲಾರಿಯ ಮಾಡೆಲ್ ಕಟ್ಟಿದರೆ ನೀವು ಒಂದು ಅಪರಾಧದ ಮಾಡೆಲ್ ಕಟ್ಟಿದ್ದೀರಿ ಅಂತ ಅರ್ಥ. ಕಟ್ಟಬಾರದು ಅನ್ನುತ್ತಿಲ್ಲ. ಲೋಕಾಯುಕ್ತ ವರದಿಯಲ್ಲಿ ಓವರ್‌ಲೋಡ್ ವಿಷಯ ಬಂದದ್ದು ಸುಮ್ಮನೆ ಅಲ್ಲ, ರಸ್ತೆಯಲ್ಲಿ ಹಾಗೆಯೇ ಹೋಗುತ್ತಿದ್ದವು. ಆದರೆ ಹಾಗೆ ತುಂಬಿದರೆ ಟೈರು ಉಬ್ಬಿರಬೇಕು, ಸ್ಪ್ರಿಂಗ್ ಪಟ್ಟಿ ಕೆಳಮುಖ ಆಗಿರಬೇಕು. ಗೋಪುರದ ಲೋಡು, ಕೆಳಗೆ ನೆಟ್ಟಗೆ ನಿಂತ ಚಕ್ರ ಅಂದರೆ ಅದು ಲೋಡಲ್ಲ, ಥರ್ಮಕೋಲು.

ಆಮೇಲೆ ಎರಡನೇ ಕೆಂಪು ಬಂತು. 2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿಗೂ ಅದೇ ಆದೇಶ. ಹೊಸಪೇಟೆ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ರಸ್ತೆ ಖಾಲಿಯಾಯಿತು. ಬೇವಿನ ಮರ ಹಸಿರಾಯಿತು. ಲಾರಿಗಳು ಮನೆ ಮುಂದೆ, ಬಯಲಲ್ಲಿ, ಪೆಟ್ರೋಲ್ ಬಂಕಿನ ಹಿಂದೆ ನಿಂತವು. ಸಾಲ ಮಾಡಿ ಗಾಡಿ ತೆಗೆದಿದ್ದವರ ಕಂತು ಮಾತ್ರ ನಿಲ್ಲಲಿಲ್ಲ. ಮೊದಲ ಮಳೆಗೆ ಧೂಳು ತೊಳೆದು ಹೋಯಿತು, ಕೆಳಗಿದ್ದ ಬಣ್ಣ ಹೊಸದರಂತೆ ಕಂಡಿತು. ಮುಂದಿನ ಮಳೆಗಾಲದ ಹೊತ್ತಿಗೆ ಬಾಡಿಯ ಒಳಗೆ, ಮೂಲೆಯಲ್ಲಿ, ಬೋಲ್ಟಿನ ಸುತ್ತ ಕೆಂಪು ಹುಟ್ಟಿತು. ಗಾಳಿ ಇಳಿದ ಟೈರು, ಚಕ್ರದ ಸುತ್ತ ಹುಲ್ಲು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಅಂತ ಮೂರು ವರ್ಗ ಮಾಡಿ, ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿ, ಉಳಿದವಕ್ಕೆ ಷರತ್ತಿನ ಮೇಲೆ ಅವಕಾಶ ಕೊಟ್ಟರು. ಅಷ್ಟರಲ್ಲಿ ಎಷ್ಟೋ ಲಾರಿ ಕೈ ಬದಲಾಗಿದ್ದವು, ಎಷ್ಟೋ ಗುಜರಿಗೆ ಹೋಗಿದ್ದವು.

ಈಗ ಹೇಳಿ, ಎರಡೂ ಕೆಂಪು ಒಂದೇ ಬಾಟಲಿಯಲ್ಲಿ ಹೇಗೆ ಹಿಡಿಸುತ್ತವೆ?

ಹಾಗಂತ ನಮ್ಮ ಲಾರಿಯ ಕಿಟ್ ಯಾರಾದರೂ ಮಾಡಲಿ ಅಂತ ಕಾಯುವುದು ವ್ಯರ್ಥ. ಬೆಂಗಳೂರಿನ ಹಾಬಿ ಅಂಗಡಿಗಳ ಕಪಾಟಿನಲ್ಲಿ ಇಟಲಿಯ ಇಟಾಲೇರಿ ಕಂಪನಿಯ 1/24 ಸ್ಕಾನಿಯಾ, ವೋಲ್ವೋ ಲಾರಿಗಳನ್ನು ಕಂಡಿದ್ದೇನೆ, ಟಾಟಾ 1210 ಕಂಡಿಲ್ಲ. ಇದಕ್ಕೆ ಮಾರುಕಟ್ಟೆ ಒಂದೇ ಕಾರಣ ಅಲ್ಲ. ಕಿಟ್ ಅನ್ನುವ ಕಲ್ಪನೆಯೇ ಒಂದು ಗಾಡಿಗೆ ಒಂದು ಸರಿಯಾದ ರೂಪ ಇದೆ, ಅದು ಕಾರ್ಖಾನೆಯ ಬಾಗಿಲಲ್ಲಿ ಮುಗಿದಿದೆ ಅಂತ ನಂಬುತ್ತದೆ. ನಮ್ಮ ಹಳೇ ಲಾರಿಗಳು ಕಾರ್ಖಾನೆಯಿಂದ ಬರುತ್ತಿದ್ದದ್ದು ಚಾಸಿ, ಎಂಜಿನ್ನು, ಮುಂದಿನ ಮೂತಿ ಇಷ್ಟೇ. ಕ್ಯಾಬಿನ್ನು, ಬಾಡಿ ಎಲ್ಲ ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡಿನಂಥ ಊರುಗಳಲ್ಲೋ ಇಲ್ಲಿನದೇ ಶೆಡ್ಡಿನಲ್ಲೋ ಮರ, ತಗಡು ಸೇರಿಸಿ ಕಟ್ಟಿದ್ದು. ಮಾಲೀಕನ ದೇವರು, ಮಕ್ಕಳ ಹೆಸರು, ಪೇಂಟರ್ ಕೈಯ ಹೂಬಳ್ಳಿ ಎಲ್ಲ ಸೇರಿದ ಮೇಲೆ ಒಂದರಂತೆ ಇನ್ನೊಂದಿಲ್ಲ. ಇಂಥ ಲಾರಿಗೆ ಅಚ್ಚು ಮಾಡುವುದು ಹೇಗೆ?

ಅಚ್ಚಿಲ್ಲದ್ದಕ್ಕೆ ನಮ್ಮಲ್ಲಿ ಬೇರೆ ದಾರಿ ಹುಟ್ಟಿದೆ. ಕೇರಳದಲ್ಲಿ, ಕರ್ನಾಟಕದಲ್ಲಿ ಹುಡುಗರು ಫೋಮ್ ಶೀಟು ಕೊಯ್ದು ಬಸ್ಸು, ಲಾರಿ ಕಟ್ಟುತ್ತಾರೆ. ಸಾರಿಗೆ ಸಂಸ್ಥೆಯ ಕೆಂಪು ಬಸ್ಸು, ಡಿಪೋ ಹೆಸರು, ಊರಿನ ಬೋರ್ಡು, ಒಳಗೆ ಸೀಟು, ಮೇಲೆ ಲಗೇಜು ಕಂಬಿ, ಎಲ್ಲ ಪಕ್ಕಾ. ಡಬ್ಬಿಯ ಕಿಟ್ ಕಟ್ಟುವವರು ಇದನ್ನು ‘ಕ್ರಾಫ್ಟ್’ ಅಂತ ಸ್ವಲ್ಪ ಕೆಳಗಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆಧಾರ ಇಲ್ಲದೆ, ನಕ್ಷೆ ಇಲ್ಲದೆ, ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿ ಅಳತೆ ಹಿಡಿಯುವುದು ಸಣ್ಣ ವಿದ್ಯೆಯಲ್ಲ. ಅವರ ಮೇಲೆ ನನ್ನ ದೂರು ಬೇರೆ: ಅವರ ಗಾಡಿಗಳು ಯಾವಾಗಲೂ ಥಳಥಳ. ಇದಕ್ಕೂ ಒಂದು ಒಳ್ಳೆಯ ಉತ್ತರ ಇರಬಹುದಿತ್ತು. ನಮ್ಮಲ್ಲಿ ವರ್ಷಕ್ಕೊಂದು ದಿನ ಎಲ್ಲ ಗಾಡಿಯೂ ಹೊಳೆಯುತ್ತದೆ, ಆಯುಧಪೂಜೆ ದಿನ. ಆದರೆ ಆಯುಧಪೂಜೆಯ ಹೊಳಪು ಷೋರೂಮಿನ ಹೊಳಪಲ್ಲ. ತಗ್ಗು ಬಿದ್ದ ತಗಡಿನ ಮೇಲಿನ ಹೊಳಪು, ಬೇರೆ ಬೇರೆ ವರ್ಷ ಹೊಡೆದ ಬಣ್ಣದ ಮೇಲಿನ ಹೊಳಪು. ಬಾಳೆಕಂದು, ಚೆಂಡುಹೂವು, ಬಾನೆಟ್ಟಿನ ಮೇಲೆ ವಿಭೂತಿ, ಚಕ್ರದ ಕೆಳಗೆ ಲಿಂಬೆಹಣ್ಣು. ಧೂಳು, ತುಕ್ಕು ಎರಡನ್ನೂ ಬಳಸದೆ ಒಂದು ಗಾಡಿಯ ದುಡಿಮೆಯನ್ನು ತೋರಿಸಲು ಸಾಧ್ಯ ಅಂದರೆ ಅದು ಇಲ್ಲಿ. ಯಾರಾದರೂ ಕಟ್ಟಿದರೆ ಮೊದಲ ಚಪ್ಪಾಳೆ ನನ್ನದು.

ಗಾಡಿಯ ರೂಪವನ್ನು ಬೇರೊಂದು ವಸ್ತುವಿನಲ್ಲಿ ಕಟ್ಟಿ ಬಣ್ಣ ಬಳಿಯುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಹಂಪಿಯ ವಿಜಯ ವಿಠಲ ದೇವಸ್ಥಾನದ ಕಲ್ಲಿನ ರಥ ಎಲ್ಲರಿಗೂ ಗೊತ್ತು, ಈಗಿನ ಐವತ್ತು ರೂಪಾಯಿ ನೋಟಿನ ಹಿಂದೆಯೂ ಇದೆ. ನಿಜಕ್ಕೂ ಅದು ಗರುಡನ ಗುಡಿ. ಹದಿನಾರನೇ ಶತಮಾನದ ಶಿಲ್ಪಿಗಳು ಮರದ ತೇರನ್ನು ಕಲ್ಲಿಗೆ ಇಳಿಸಿದ್ದಾರೆ. ಅದಕ್ಕೆ ಬಣ್ಣ ಇತ್ತು, ಮಳೆ-ಬಿಸಿಲು ತಾಗದ ತಳಭಾಗಗಳಲ್ಲಿ ಗುರುತು ಉಳಿದಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಮೇಲೆ ಇಟ್ಟಿಗೆಯ ಗೋಪುರ ಕಾಣುತ್ತದೆ, ಈಗ ಅದಿಲ್ಲ. ಮುಂದೆ ಕುದುರೆಗಳಿದ್ದವು, ಆಮೇಲೆ ಬೇರೆ ಕಡೆಯ ಆನೆಗಳನ್ನು ತಂದು ಇಟ್ಟರು, ಕುದುರೆಯ ಬಾಲ, ಹಿಂಗಾಲಿನ ಗುರುತು ಈಗಲೂ ಆನೆಯ ಹಿಂದೆ ಇದೆ. ಬೇರೆ ಕಿಟ್ಟಿನ ಭಾಗ ತಂದು ಜೋಡಿಸುವುದಕ್ಕೆ ಮಾಡೆಲ್‌ನವರು ‘ಕಿಟ್‌ಬ್ಯಾಶಿಂಗ್’ ಅನ್ನುತ್ತಾರೆ! ನಾನು ಗಮನಿಸಿದ್ದು ಚಕ್ರ. ಆ ಗುಡಿ ಒಂದಿಂಚೂ ಚಲಿಸಬೇಕಿರಲಿಲ್ಲ. ಆದರೂ ಚಕ್ರಕ್ಕೆ ಅಚ್ಚು ಇದೆ, ಗುಂಭ ಇದೆ, ಸುತ್ತಿನ ಪಟ್ಟಿಗಳಿವೆ. ಕಟ್ಟಿದವರಿಗೆ ತೇರು ಅಂದರೆ ಎಳೆಯುವಂಥದ್ದು ಅನ್ನುವುದು ಮುಖ್ಯವಾಗಿತ್ತು. ಗಾಡಿ ಏನು ಮಾಡುತ್ತದೆ ಅನ್ನುವುದನ್ನು ಬಿಡದೆ ಹಿಡಿದುಕೊಂಡಿದ್ದಾರೆ.

ಇಲ್ಲಿಯವರೆಗೆ ಹೇಳಿದ್ದು ಸರಿಯಾಗಿ ಬಣ್ಣ ಬಳಿಯುವ ಬಗ್ಗೆ. ಕಷ್ಟದ ಪ್ರಶ್ನೆ ಇನ್ನೂ ಇದೆ. ಆ ಧೂಳನ್ನು ಚೆಂದವಾಗಿ ಕಾಣುವಂತೆ ಬಳಿಯುವುದೇ ತಪ್ಪಲ್ಲವಾ? ಜನ ಕೆಮ್ಮಿದ ಧೂಳು ಅದು. ಅದನ್ನು ಗಾಜಿನ ಕಪಾಟಿನಲ್ಲಿ ಲೈಟು ಹಾಕಿ ಇಟ್ಟು ‘ವಾವ್, ಏನು ಟೆಕ್ಸ್ಚರು’ ಅನ್ನುವುದು ಸರಿಯಾ?

ಧೂಳು ಬಳಿಯುವುದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಲಾರಿಯ ಮೇಲಷ್ಟೇ ಬಳಿದು ಕೈ ತೊಳೆದುಕೊಳ್ಳುವುದು ತಪ್ಪು. ಗಾಡಿಯ ಜೊತೆ ಸುತ್ತಲ ದೃಶ್ಯವನ್ನೂ ಕಟ್ಟುವುದಕ್ಕೆ ‘ಡಯೋರಾಮ’ ಅನ್ನುತ್ತಾರೆ. ಅಂಥವನ್ನು ಗಮನಿಸಿ ನೋಡಿ: ಲಾರಿಯ ಮೇಲೆ ಪದರ ಪದರ ಧೂಳು, ಪಕ್ಕದ ಮನೆಯ ಗೋಡೆ ಬಿಳಿ, ಮರದ ಎಲೆ ಹಸಿರು. ಲಾರಿ ಹೀರೋ, ಉಳಿದದ್ದು ಸೆಟ್ಟು. ನಿಜದಲ್ಲಿ ಲಾರಿಯ ಮೇಲೆ ಬಿದ್ದದ್ದು ಅದು ಎಬ್ಬಿಸಿದ ಧೂಳಿನ ಚೂರೇ ಚೂರು ಭಾಗ. ಮಿಕ್ಕಿದ್ದೆಲ್ಲ ಬೇರೆಯವರ ಪಾಲು. ರಸ್ತೆ ಪಕ್ಕದ ಹೊಲದ ಜೋಳದ ಎಲೆ, ಹೋಟೆಲ್ಲಿನ ಬೆಂಚು, ಶಾಲೆಯ ಕಿಟಕಿಯ ಸರಳು, ದಾರದ ಮೇಲಿನ ಬಿಳಿ ಪಂಚೆ. ನಮ್ಮ ಅವ್ವ ಆ ವರ್ಷಗಳಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುವುದನ್ನೇ ಬಿಟ್ಟಿದ್ದಳು. ಅದೇ ಧೂಳಿನಲ್ಲಿ ನಮ್ಮ ಮಾವನ ಮನೆಯ ಒಲೆ ಉರಿಯಿತು ಅನ್ನುವುದೂ ನಿಜ. ಎರಡೂ ಒಂದೇ ಊರಿನಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ. ಧೂಳಿಗೆ ಎಬ್ಬಿಸಿದವರು ಇರುವಂತೆ ಹೊತ್ತವರೂ ಇರುತ್ತಾರೆ. ಲಾರಿ, ಗೋಡೆ, ಮಾಳಿಗೆ ಮೂರನ್ನೂ ಕಟ್ಟಿದವನು ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಲಾರಿಯೊಂದನ್ನೇ ಕಟ್ಟಿದವನು ಬಣ್ಣದ ಕೈಚಳಕ ತೋರಿಸಿದ್ದಾನೆ.

ಆದ್ದರಿಂದ ಮುಂದಿನ ಸಲ ನೀವು ವೆದರಿಂಗ್ ಮಾಡಿದ ಗಾಡಿ ನೋಡಿದಾಗ ‘ರಿಯಲಿಸ್ಟಿಕ್’ ಅನ್ನುವ ಮೊದಲು ನಮ್ಮ ಮಾವನ ಪ್ರಶ್ನೆ ಕೇಳಿ: ಇದು ಓಡ್ತೈತೋ, ನಿಂತೈತೋ? ಉತ್ತರ ಸಿಕ್ಕರೆ ಕಟ್ಟಿದವನಿಗೆ ಗಾಡಿ ಗೊತ್ತು. ಸಿಗದಿದ್ದರೆ ಬಾಟಲಿ ಮಾತ್ರ ಗೊತ್ತು. ಕಟ್ಟುವವರಿಗೂ ಒಂದು ಸಲಹೆ. ಮಾಡೆಲ್ ಕೂರಿಸುವ ಹಲಗೆಯ ಮೇಲೆ ಗಾಡಿಯ ಹೆಸರು, ಅಳತೆ ಬರೆಯುತ್ತೇವೆ. ಜೊತೆಗೆ ರಸ್ತೆ ಮತ್ತು ಇಸವಿ ಬರೆಯೋಣ. ‘ಹೊಸಪೇಟೆ–ಬಳ್ಳಾರಿ ರಸ್ತೆ, 2010’ ಅಂತ ಬರೆದರೆ ಧೂಳಿನ ಬಾಟಲಿ ತೆಗೆಯಿರಿ, ಬಾಡಿಯ ಒಳಗನ್ನು ಹೊಳೆಯಲು ಬಿಡಿ. ‘2012’ ಅಂತ ಬರೆದರೆ ತುಕ್ಕಿನ ಬಾಟಲಿ ತೆಗೆಯಿರಿ, ಚಕ್ರದ ಸುತ್ತ ಸ್ವಲ್ಪ ಹುಲ್ಲು ನೆಡಿ, ಮರಕ್ಕೆ ಹಸಿರು ಹಚ್ಚಿ.